ತೆರಿಗೆ ಇಲ್ಲದ ಮಂಡಕ್ಕಿ, 72 ಸಾವಿರದ ತೆರಿಗೆ

ದಾವಣಗೆರೆಯ ಮಂಡಕ್ಕಿಗೆ ತೆರಿಗೆ ಇಲ್ಲ. ಬಿಲ್ಲಿನಲ್ಲಿ ಇಲ್ಲ, ಅಷ್ಟೇ. ಬಿಡಿಯಾಗಿ ಅಳೆದು ಮಾರುವ ಮಂಡಕ್ಕಿ ಜಿಎಸ್‌ಟಿಯ ವಿನಾಯಿತಿ ಪಟ್ಟಿಯಲ್ಲಿದೆ, ಬಿಡಿ ಅಕ್ಕಿ, ಜೋಳ, ಹಸಿ ತರಕಾರಿಗಳ ಸಾಲಿನಲ್ಲೇ. ಭಟ್ಟಿ ಮಾಲೀಕರೊಬ್ಬರು ಹುರಿಯುವ ಯಂತ್ರ ತರಿಸಿ, ಅದರ ಬಿಲ್ ಹಿಡಿದುಕೊಂಡು ಚೌಕಿಪೇಟೆಯ ನನ್ನ ಕಚೇರಿಗೆ ಬಂದರು. ಯಂತ್ರದ ಬೆಲೆ 4 ಲಕ್ಷ ರೂಪಾಯಿ. ಕೆಳಗೆ ಶೇ 18ರ ಲೆಕ್ಕದಲ್ಲಿ 72,000 ರೂಪಾಯಿ ಜಿಎಸ್‌ಟಿ. "ನಮ್ಮ ಮಾಲಿಗೆ ಟ್ಯಾಕ್ಸೇ ಇಲ್ಲ ಅಂತೀರಿ. ಹಂಗಾದ್ರೆ ಈ ಎಪ್ಪತ್ತೆರಡು ಸಾವ್ರ ಯಾವಾಗ ವಾಪಸ್ ಬರ್ತತಿ ಸಾರ್?" ಎಂದು ಕೇಳಿದರು.

ಬರುವುದಿಲ್ಲ. ಮಂಡಕ್ಕಿ ತುಂಬುವ ಪ್ಲಾಸ್ಟಿಕ್ ಚೀಲದ ಮೇಲೆ ಕೊಟ್ಟ ತೆರಿಗೆಯೂ ಬರುವುದಿಲ್ಲ, ಮೋಟಾರು ಸುಟ್ಟು ಹೊಸದು ತಂದರೆ ಅದರ ಮೇಲಿನದೂ ಬರುವುದಿಲ್ಲ. ಇದೇ ಯಂತ್ರವನ್ನು ಮಂಡಕ್ಕಿಗೆ ಹೆಸರಿಟ್ಟು, ತೂಕ ಮಾಡಿ, ಲೇಬಲ್ ಹಚ್ಚಿ ಪೊಟ್ಟಣದಲ್ಲಿ ಮಾರುವ ಕಂಪನಿ ಕೊಂಡಿದ್ದರೆ 72,000 ರೂಪಾಯಿ ಪೂರ್ತಿ ಅದರ ಖಾತೆಗೆ ಜಮೆಯಾಗುತ್ತಿತ್ತು. 2022ರ ಜುಲೈ 18ರಿಂದ ಲೇಬಲ್ ಹಚ್ಚಿದ ಮಂಡಕ್ಕಿ ಪೊಟ್ಟಣಕ್ಕೆ ಶೇ 5 ತೆರಿಗೆ ಬಂದಿದೆ. ಮಾರಾಟದ ಮೇಲೆ ತೆರಿಗೆ ಕಟ್ಟುವವರಿಗಷ್ಟೇ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಮುರಿದುಕೊಳ್ಳುವ ಹಕ್ಕು. ತೆರಿಗೆ ಇಲ್ಲದವರಿಗೆ ಆ ಹಕ್ಕೂ ಇಲ್ಲ. ಭಟ್ಟಿಯವರು ಬಿಲ್ಲನ್ನು ಮಡಚಿ ಜೇಬಿಗಿಟ್ಟುಕೊಂಡರು. ಆ 72,000ವನ್ನು ಅವರು ಸೇರಿಗೆ ಇಷ್ಟಿಷ್ಟು ಎಂದು ಮಂಡಕ್ಕಿಯ ಬೆಲೆಗೇ ಸೇರಿಸಬೇಕು. ಪೇಟೆಯಲ್ಲಿ ಬೆಲೆ ಏರದಿದ್ದರೆ ತಮ್ಮ ಲಾಭದಲ್ಲಿ ಬಿಡಬೇಕು, ಇಲ್ಲವೇ ಕೂಲಿಯಲ್ಲಿ ಹಿಡಿಯಬೇಕು.

ನಾನು ಎಪಿಎಂಸಿಯ ದಲ್ಲಾಳಿ ಅಂಗಡಿಯೊಂದರಲ್ಲಿ ಕಿರ್ದಿ ಬರೆಯುತ್ತಾ ಲೆಕ್ಕದ ಕೆಲಸಕ್ಕೆ ಬಂದವನು. ಆಮೇಲೆ ಮಾರಾಟ ತೆರಿಗೆ, ವ್ಯಾಟ್, ಜಿಎಸ್‌ಟಿ ಹೀಗೆ ಮೂರು ಕಾಲದಲ್ಲೂ ಅಂಗಡಿಯವರ, ಸಣ್ಣ ವರ್ಕ್‌ಶಾಪಿನವರ ರಿಟರ್ನ್ ಹಾಕುತ್ತಾ ಬಂದಿದ್ದೇನೆ. ಒಂದು ವಿಷಯ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿದೆ. ಮೌಲ್ಯವರ್ಧಿತ ತೆರಿಗೆ ನಿಂತಿರುವುದು ಕೊಂಡಿ ಕಳಚದ ಬಿಲ್ಲುಗಳ ಸರಪಳಿಯ ಮೇಲೆ. ನಾವು ಕೊಡುವ ಪ್ರತಿಯೊಂದು ವಿನಾಯಿತಿ, ಪ್ರತಿಯೊಂದು ರಿಯಾಯಿತಿ ಆ ಸರಪಳಿಯ ಒಂದು ಕೊಂಡಿಯನ್ನು ಕಳಚುತ್ತದೆ. ಕಳಚಿದ ಜಾಗದಲ್ಲಿ ಯಾರ ಹಣವೋ ಸಿಕ್ಕಿಕೊಳ್ಳುತ್ತದೆ, ಮತ್ತು ಹೆಚ್ಚಿನ ಸಲ ಅದು ಸಣ್ಣವರ ಹಣ.

ಹಳೆಯದನ್ನು ಮೊದಲು ಹೇಳಬೇಕು. 1957ರ ಮಾರಾಟ ತೆರಿಗೆ ಕಾಯ್ದೆಯ ಕಾಲದಲ್ಲಿ ಬಹಳಷ್ಟು ಸರಕುಗಳಿಗೆ ರಾಜ್ಯದೊಳಗಿನ ಮೊದಲ ಮಾರಾಟದಲ್ಲೇ ತೆರಿಗೆ ಬೀಳುತ್ತಿತ್ತು. ಆಮೇಲೆ ಕೈ ಬದಲಾದಾಗಲೆಲ್ಲ "ತೆರಿಗೆ ಕಟ್ಟಿದ ಮಾಲು" ಎಂದು ಬಿಲ್ಲಿನ ಮೇಲೆ ಬರೆದರೆ ಆಯಿತು. ಸುಲಭ ಎನಿಸುತ್ತದೆ. ಆದರೆ ಕಬ್ಬಿಣದ ಬೀರು ಮಾಡುವ ಒಂದು ಸಣ್ಣ ವರ್ಕ್‌ಶಾಪನ್ನು ತೆಗೆದುಕೊಳ್ಳಿ. ಲೆಕ್ಕಕ್ಕೆ ತೆರಿಗೆ ಶೇ 10 ಎಂದಿಟ್ಟುಕೊಳ್ಳೋಣ. ವರ್ಕ್‌ಶಾಪಿನವರು 10,000 ರೂಪಾಯಿಯ ತಗಡು ತಂದರು, ಮೇಲೆ 1,000 ತೆರಿಗೆ. ಅವರ ಅಸಲು 11,000. ಕೂಲಿ, ಬಣ್ಣ, ಲಾಭ ಸೇರಿ 6,000 ಕೂಡಿಸಿ 17,000ಕ್ಕೆ ಬೀರು ಮಾರಿದರು. ಬೀರು ಬೇರೆ ಸರಕು, ಆದ್ದರಿಂದ ಅದಕ್ಕೂ ಮೊದಲ ಮಾರಾಟದ ತೆರಿಗೆ, 1,700. ಅಂಗಡಿಗೆ ಬಂದಾಗ 18,700. ಅಂಗಡಿಯವರು ತಮ್ಮ 4,000 ಸೇರಿಸಿ 22,700ಕ್ಕೆ ಮಾರಿದರು. ಇದರಲ್ಲಿ 2,700 ತೆರಿಗೆ. ಅದರಲ್ಲಿ 100 ರೂಪಾಯಿ ತೆರಿಗೆಯ ಮೇಲಿನ ತೆರಿಗೆ. ಹೊಸ ಸಂಸಾರಕ್ಕೆಂದು ಬೀರು ಕೊಂಡವರ ಬಿಲ್ಲಿನಲ್ಲಿ ಇದು ಯಾವುದೂ ಕಾಣುತ್ತಿರಲಿಲ್ಲ.

ಇದರಿಂದ ಕಾರ್ಖಾನೆಗಳ ನಡವಳಿಕೆಯೇ ಬದಲಾಗಿತ್ತು. ಹೊರಗಿನಿಂದ ಕೊಂಡ ಪ್ರತಿ ಬಿಡಿಭಾಗದ ಜೊತೆ ತೆರಿಗೆಯೂ ಬಂದು ಅಸಲಿನಲ್ಲಿ ಉಳಿಯುವುದಾದರೆ, ದೊಡ್ಡ ಕಾರ್ಖಾನೆ ಬೋಲ್ಟಿನಿಂದ ಹಿಡಿದು ಮರದ ಪೆಟ್ಟಿಗೆಯವರೆಗೆ ಎಲ್ಲವನ್ನೂ ತನ್ನ ಕಾಂಪೌಂಡಿನೊಳಗೇ ಮಾಡಿಕೊಳ್ಳುವುದು ಲಾಭ. ಗೇಟಿನ ಹೊರಗೆ ಒಂದು ಲೇತ್ ಇಟ್ಟುಕೊಂಡು ಒಂದೇ ಭಾಗವನ್ನು ಅಚ್ಚುಕಟ್ಟಾಗಿ ಮಾಡಬಲ್ಲ ಕಸುಬುದಾರನಿಗೆ ಆರ್ಡರ್ ಸಿಗುವುದಿಲ್ಲ. ಹರಿಹರದ ಕಡೆ ಸಣ್ಣ ಶೆಡ್ಡುಗಳಲ್ಲಿ ಒಳ್ಳೆಯ ಕೈಗಳಿದ್ದವು. ಮಾಲಿನ ಗುಣದಲ್ಲಿ ಅವರು ಯಾರಿಗೂ ಕಡಿಮೆ ಇರಲಿಲ್ಲ. ತೆರಿಗೆಯ ಲೆಕ್ಕದಲ್ಲಿ ಸೋಲುತ್ತಿದ್ದರು.

ಪ್ರತಿ ಹಂತದಲ್ಲಿ ಸೇರಿದ ಬೆಲೆಗೆ ಮಾತ್ರ ತೆರಿಗೆ, ಹಿಂದಿನವರು ಕಟ್ಟಿದ್ದನ್ನು ಮುಂದಿನವರು ಮುರಿದುಕೊಳ್ಳಲಿ ಎಂಬ ಏರ್ಪಾಡನ್ನು 1954ರಲ್ಲಿ ಫ್ರಾನ್ಸಿನಲ್ಲಿ ಜಾರಿಗೆ ತಂದವರು ಮೋರಿಸ್ ಲೋರೆ ಎಂಬ ತೆರಿಗೆ ಅಧಿಕಾರಿ. ಇಂದು 170ಕ್ಕೂ ಹೆಚ್ಚು ದೇಶಗಳಲ್ಲಿ ಇದು ಒಂದಲ್ಲ ಒಂದು ರೂಪದಲ್ಲಿದೆ. ನಮ್ಮಲ್ಲಿ ವಿ.ಪಿ. ಸಿಂಗ್ ಹಣಕಾಸು ಸಚಿವರಾಗಿದ್ದಾಗ 1986ರಲ್ಲಿ ಕೇಂದ್ರ ಅಬಕಾರಿ ಸುಂಕಕ್ಕೆ ಮಾಡ್‌ವ್ಯಾಟ್ ಎಂಬ ಹೆಸರಿನಲ್ಲಿ ಬಂತು. ರಾಜ್ಯಗಳ ಪೈಕಿ ಹರಿಯಾಣ 2003ರಲ್ಲಿ ಮೊದಲು ಹೆಜ್ಜೆ ಇಟ್ಟಿತು. ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ವ್ಯಾಟ್ ಶುರುವಾಯಿತು. ಕೇಂದ್ರದ ಸುಂಕಕ್ಕೂ ರಾಜ್ಯದ ವ್ಯಾಟಿಗೂ ನಡುವೆ ಇದ್ದ ಗೋಡೆ ಬಿದ್ದದ್ದು 2017ರ ಜುಲೈ 1ರಂದು, ಜಿಎಸ್‌ಟಿಯೊಂದಿಗೆ.

ಅದೇ ಬೀರುವನ್ನು ಈಗ ಶೇ 18ರ ಲೆಕ್ಕದಲ್ಲಿ ನೋಡೋಣ. ತಗಡು 10,000, ತೆರಿಗೆ 1,800. ವರ್ಕ್‌ಶಾಪಿನವರು ಬೀರುವನ್ನು 16,000ಕ್ಕೆ ಮಾರುತ್ತಾರೆ, ತೆರಿಗೆ 2,880. ಅದರಲ್ಲಿ ತಗಡಿನ 1,800 ಮುರಿದುಕೊಂಡು 1,080 ಕಟ್ಟುತ್ತಾರೆ. ಅಂಗಡಿಯವರು 20,000ಕ್ಕೆ ಮಾರಿ 3,600 ವಸೂಲು ಮಾಡುತ್ತಾರೆ, 2,880 ಮುರಿದುಕೊಂಡು 720 ಕಟ್ಟುತ್ತಾರೆ. ಮೂರೂ ಕೂಡಿಸಿ: 1,800, 1,080, 720. ಸರಿಯಾಗಿ 3,600. ಗಿರಾಕಿಯ ಬಿಲ್ಲಿನಲ್ಲಿ ಕಾಣುವುದೂ ಅಷ್ಟೇ, ಸರ್ಕಾರಕ್ಕೆ ಸೇರುವುದೂ ಅಷ್ಟೇ. ಎಷ್ಟು ಕೈ ಬದಲಾದರೂ ಮೊತ್ತ ಬದಲಾಗುವುದಿಲ್ಲ. ಲೆಕ್ಕದವನಾಗಿ ನನಗೆ ಇದು ಸುಂದರವಾದ ಏರ್ಪಾಡು ಎಂದೇ ಅನಿಸುತ್ತದೆ.

ಈಗ ಸರ್ಕಾರ ಕನಿಕರದಿಂದ, ಪಾಪ ಸಣ್ಣ ವರ್ಕ್‌ಶಾಪು, ಅವರ ಮಾಲಿಗೆ ತೆರಿಗೆ ಬೇಡ ಎಂದು ವಿನಾಯಿತಿ ಕೊಟ್ಟಿತು ಅಂದುಕೊಳ್ಳಿ. ತಗಡಿನ 1,800 ಅವರಿಗೆ ವಾಪಸ್ ಸಿಗುವುದಿಲ್ಲ, ಅಸಲು 11,800 ಆಗುತ್ತದೆ. ತಮ್ಮ 6,000 ಸೇರಿಸಿ 17,800ಕ್ಕೆ ಬೀರು ಕೊಡುತ್ತಾರೆ, ತೆರಿಗೆ ಇಲ್ಲದೆ. ಅಂಗಡಿಯವರು 4,000 ಸೇರಿಸಿದರೆ 21,800. ಅದರ ಮೇಲೆ ಶೇ 18 ಅಂದರೆ 3,924. ಮುರಿದುಕೊಳ್ಳಲು ಅಂಗಡಿಯವರ ಹತ್ತಿರ ಹಿಂದಿನ ತೆರಿಗೆ ಬಿಲ್ಲಿಲ್ಲ. ಗಿರಾಕಿಗೆ ಬೀರು 25,724 ರೂಪಾಯಿಗೆ ಬೀಳುತ್ತದೆ. ಮೊದಲು 23,600 ಇತ್ತು. ಸರ್ಕಾರಕ್ಕೆ ಸೇರಿದ ತೆರಿಗೆ 5,724. ನಡುವಿನವರಿಗೆ ವಿನಾಯಿತಿ ಕೊಟ್ಟ ಮೇಲೆ ತೆರಿಗೆ 2,124 ರೂಪಾಯಿ ಹೆಚ್ಚಾಯಿತು! ಈ ಲೆಕ್ಕವನ್ನು ನಾನು ಎಷ್ಟೋ ಜನರಿಗೆ ಹಾಳೆಯ ಮೇಲೆ ಬರೆದು ತೋರಿಸಿದ್ದೇನೆ. ಒಂದೇ ಸಲಕ್ಕೆ ನಂಬುವವರು ಕಡಿಮೆ. ಅಂಗಡಿಯವರು ಇಷ್ಟು ತಲೆ ಕೆಡಿಸಿಕೊಳ್ಳುವುದೂ ಇಲ್ಲ. "ಜಿಎಸ್‌ಟಿ ಬಿಲ್ ಕೊಡೋರತ್ರಾನೇ ತಗೊಂತೀನಿ" ಎಂದು ಬೇರೆ ವರ್ಕ್‌ಶಾಪಿಗೆ ಹೋಗುತ್ತಾರೆ.

ಕಟ್ಟಕಡೆಯ ಹಂತದಲ್ಲಿ, ಊಟದ ತಟ್ಟೆಗೆ ಹತ್ತಿರ ಇರುವ ವಿನಾಯಿತಿಯ ಮಾತು ಬೇರೆ. ಬಿಡಿ ಅಕ್ಕಿ, ಹಾಲು, ತರಕಾರಿಗೆ ತೆರಿಗೆ ಇಲ್ಲದಿರುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಗಾರೆ ಕೆಲಸದವನೂ ಗಿರಣಿ ಸಾಹುಕಾರರೂ ಒಂದೇ ಸೋಪಿಗೆ ಒಂದೇ ತೆರಿಗೆ ಕೊಡುತ್ತಾರೆ. ದುಡಿದದ್ದನ್ನೆಲ್ಲ ಖರ್ಚು ಮಾಡಲೇಬೇಕಾದವನಿಗೆ ಅದು ಆದಾಯದ ದೊಡ್ಡ ಪಾಲು, ಸಾಹುಕಾರರಿಗೆ ಕೈಗೆ ಸಿಗದಷ್ಟು ಸಣ್ಣದು. ಬಳಕೆಯ ಮೇಲಿನ ಯಾವ ತೆರಿಗೆಯೂ ಈ ಅನ್ಯಾಯವನ್ನು ಪೂರ್ತಿ ತಪ್ಪಿಸಿಕೊಳ್ಳಲಾರದು. 2025ರ ಸೆಪ್ಟೆಂಬರ್ 22ರಿಂದ ಸೋಪು, ಟೂತ್‌ಪೇಸ್ಟು, ತಲೆಗೆ ಹಚ್ಚುವ ಎಣ್ಣೆಯ ತೆರಿಗೆಯನ್ನು ಶೇ 18ರಿಂದ 5ಕ್ಕೆ ಇಳಿಸಿದ್ದು ಸರಿಯಾದ ಕೆಲಸ. ಅಲ್ಲಿ ದರ ಇಳಿಯಿತೇ ಹೊರತು ಸರಪಳಿ ಕಳಚಲಿಲ್ಲ. ಅದೇ ದಿನ ವೈಯಕ್ತಿಕ ಆರೋಗ್ಯ ವಿಮೆ, ಜೀವ ವಿಮೆಯ ಕಂತಿನ ಮೇಲಿನ ಶೇ 18 ಪೂರ್ತಿ ಹೋಯಿತು. ಜನರಿಗೆ ಸಂತೋಷವಾಯಿತು, ನನಗೂ ಆಯಿತು. ಆದರೆ ವಿಮಾ ಕಂಪನಿ ಕಚೇರಿ ಬಾಡಿಗೆ, ಸಾಫ್ಟ್‌ವೇರ್, ಏಜೆಂಟರ ಕಮಿಷನ್ ಮೇಲೆ ಕೊಡುವ ತೆರಿಗೆಯನ್ನು ಇನ್ನು ಮುರಿದುಕೊಳ್ಳುವಂತಿಲ್ಲ. ಆ ಹೊರೆ ಕಮಿಷನ್ನಿನಲ್ಲಿ ಇಳಿಯುತ್ತದೋ ಮುಂದಿನ ವರ್ಷದ ಕಂತಿನಲ್ಲಿ ಏರುತ್ತದೋ, ಪಾಲಿಸಿ ಮಾಡಿಸಿದವರು ಕಣ್ಣಿಟ್ಟಿರಬೇಕು.

ಸರಪಳಿಯ ಇನ್ನೊಂದು ಗುಣವನ್ನು ನಮ್ಮ ಪೇಟೆಯಲ್ಲೇ ನೋಡಿದೆ. ಮಾರಾಟ ತೆರಿಗೆಯ ಕಾಲದಲ್ಲಿ ಬಿಳಿ ಚೀಟಿಯ ವ್ಯಾಪಾರ ಮಾರುವವರಿಗೂ ಕೊಳ್ಳುವವರಿಗೂ ಲಾಭ. ವ್ಯಾಟ್ ಬಂದ ಮೇಲೆ ಕೊಳ್ಳುವ ಅಂಗಡಿಯವರೇ ಪಕ್ಕಾ ಬಿಲ್ಲಿಗೆ ಜಗಳ ತೆಗೆಯತೊಡಗಿದರು, ಬಿಲ್ ಇಲ್ಲದಿದ್ದರೆ ಇನ್‌ಪುಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯ ಕ್ರೆಡಿಟ್) ಸಿಗುವುದಿಲ್ಲವಲ್ಲ. ಹತ್ತು ಇನ್‌ಸ್ಪೆಕ್ಟರುಗಳು ಮಾಡಲಾಗದ ಕೆಲಸವನ್ನು ಒಂದು ಇನ್‌ಪುಟ್ ಮಾಡಿತು. ಆದರೆ ಜಿಎಸ್‌ಟಿಯಲ್ಲಿ ಇದಕ್ಕೆ ಒಂದು ಕಠಿಣ ತಿರುವು ಸೇರಿತು. 2022ರ ಜನವರಿಯಿಂದ, ಮಾರಿದವರು ತಮ್ಮ ರಿಟರ್ನಿನಲ್ಲಿ ಬಿಲ್ ತೋರಿಸಿ ಅದು ಕೊಂಡವರ 2ಬಿ ತಃಖ್ತೆಯಲ್ಲಿ ಬಂದರೆ ಮಾತ್ರ ಕ್ರೆಡಿಟ್. ಪ್ರತಿ ತಿಂಗಳು 11ಕ್ಕೆ ಮಾರಾಟದ ವಿವರ, 14ಕ್ಕೆ 2ಬಿ, 20ಕ್ಕೆ ತೆರಿಗೆ. ಈ ಮೂರು ತಾರೀಖುಗಳ ನಡುವೆ ನಮ್ಮ ಕಚೇರಿಯ ಫೋನು ಬಿಸಿಯಾಗಿರುತ್ತದೆ: "ಅಣ್ಣಾರೆ, ನಿಮ್ಮ ಪಾರ್ಟಿ ಬಿಲ್ ಇನ್ನೂ ಕಾಣ್ತಿಲ್ಲ, ಹಾಕಿಸಿ." ಹಾರ್ಡ್‌ವೇರ್ ಅಂಗಡಿಯ ಹೆಣ್ಣುಮಗಳೊಬ್ಬರು ಸರಬರಾಜುದಾರರಿಗೆ ತೆರಿಗೆ ಸಮೇತ ಬ್ಯಾಂಕಿನಲ್ಲೇ ಹಣ ಕೊಟ್ಟಿದ್ದರು. ಆ ಸರಬರಾಜುದಾರರು ರಿಟರ್ನ್ ಹಾಕದೆ ಅಂಗಡಿ ಮುಚ್ಚಿದರು. ಈಕೆ ಅದೇ ತೆರಿಗೆಯನ್ನು ಎರಡನೆಯ ಸಲ ಕಟ್ಟಿದರು. ತಪ್ಪು ಮಾಡಿದವರನ್ನು ಹಿಡಿಯುವ ಕೆಲಸ ಇಲಾಖೆಯದು. ಅದನ್ನು ಪ್ರಾಮಾಣಿಕ ಗಿರಾಕಿಯ ತಲೆಗೆ ಕಟ್ಟಿರುವುದು ತಪ್ಪು ಎಂದು ನಾನು ಬಿಡಿಸಿ ಹೇಳುತ್ತೇನೆ.

ಇನ್ನು ಕೈಗಾರಿಕೆಗೆ ಕೊಡುವ ತೆರಿಗೆ ರಜೆಗಳ ವಿಷಯ. ತೊಂಬತ್ತರ ದಶಕದಲ್ಲಿ ರಾಜ್ಯಗಳು ಕಾರ್ಖಾನೆಗಾಗಿ ಒಂದರ ಮೇಲೊಂದು ಬಿದ್ದು ಮಾರಾಟ ತೆರಿಗೆ ಬಿಟ್ಟುಕೊಡುತ್ತಿದ್ದವು. ಒಬ್ಬರು ಐದು ವರ್ಷ ಅಂದರೆ ಪಕ್ಕದವರು ಏಳು ಎನ್ನುವುದು. ನಾನು ಲೆಕ್ಕ ನೋಡುತ್ತಿದ್ದ ಒಂದು ಘಟಕ ತನ್ನ ವಿನಾಯಿತಿಯ ಅವಧಿ ಮುಗಿದ ವರ್ಷವೇ ನಷ್ಟ ತೋರಿಸಿ ಬಾಗಿಲು ಹಾಕಿತು. ಅದೇ ಯಂತ್ರಗಳು ರಸ್ತೆಯಾಚೆಯ ಶೆಡ್ಡಿನಲ್ಲಿ ಭಾವಮೈದುನನ ಹೆಸರಿನಲ್ಲಿ ಹೊಸ ಕೈಗಾರಿಕೆಯಾಗಿ ತಿರುಗತೊಡಗಿದವು. ಕಾಗದದಲ್ಲಿ ಹೊಸ ಉದ್ಯೋಗ ಹುಟ್ಟಿತ್ತು. ಕೆಲಸಕ್ಕೆ ಬರುತ್ತಿದ್ದವರು ಮೊದಲಿನವರೇ. ಇಂಥದ್ದು ದೇಶದ ತುಂಬ ನಡೆದಿರಬೇಕು. 1999ರ ನವೆಂಬರ್ 16ರಂದು ಆಗಿನ ಕೇಂದ್ರ ಹಣಕಾಸು ಸಚಿವ ಯಶವಂತ ಸಿನ್ಹಾ ಕರೆದ ಸಭೆಯಲ್ಲಿ ಮುಖ್ಯಮಂತ್ರಿಗಳು ಮೂರು ನಿರ್ಧಾರಕ್ಕೆ ಬಂದರು: ಮಾರಾಟ ತೆರಿಗೆಗೆ ಎಲ್ಲ ಕಡೆ ಒಂದೇ ಕನಿಷ್ಠ ದರ, ಮಾರಾಟ ತೆರಿಗೆಯ ಮೂಲಕ ಕೈಗಾರಿಕೆಗೆ ಕೊಡುವ ರಿಯಾಯಿತಿಗಳಿಗೆ ಕೊನೆ, ಆಮೇಲೆ ವ್ಯಾಟ್. ಈ ಕ್ರಮವನ್ನು ಗಮನಿಸಬೇಕು. ರಿಯಾಯಿತಿ ನಿಲ್ಲದೆ ವ್ಯಾಟ್ ನಡೆಯದು ಎಂಬುದು ಅವರಿಗೆ ಮೊದಲೇ ತಿಳಿದಿತ್ತು.

ಆದರೂ ರಜೆಗಳು ನಿಲ್ಲಲಿಲ್ಲ, ಬೇರೆ ಬಾಗಿಲಿನಿಂದ ಬಂದವು. ಮನೆಯಲ್ಲಿರುವ ಮಾತ್ರೆಯ ಪಟ್ಟಿಯನ್ನು ತಿರುವಿ ಹಾಕಿ, ಸಣ್ಣ ಅಕ್ಷರದಲ್ಲಿ ತಯಾರಾದ ಊರಿನ ಹೆಸರು ಓದಿ. ಬದ್ದಿ, ಸೋಲನ್ ಜಿಲ್ಲೆ, ಹಿಮಾಚಲ ಪ್ರದೇಶ ಎಂದಿರುವ ಸಾಧ್ಯತೆ ಬಹಳ. ಆ ಬೆಟ್ಟದ ತಪ್ಪಲಿನಲ್ಲಿ ಔಷಧಿ ಬೆಳೆಯುವುದಿಲ್ಲ, ಹತ್ತಿರ ಬಂದರೂ ಇಲ್ಲ. 2003ರ ಜನವರಿಯಲ್ಲಿ ವಾಜಪೇಯಿ ಸರ್ಕಾರ ಹಿಮಾಚಲ ಮತ್ತು ಉತ್ತರಾಖಂಡಕ್ಕೆ ಒಂದು ಪ್ಯಾಕೇಜ್ ಕೊಟ್ಟಿತು. ಹೊಸ ಕಾರ್ಖಾನೆಗೆ 10 ವರ್ಷ ಅಬಕಾರಿ ಸುಂಕ ಇಲ್ಲ, ಮೊದಲ 5 ವರ್ಷ ಆದಾಯ ತೆರಿಗೆಯೂ ಇಲ್ಲ. ಎರಡು ವರ್ಷದ ಮೇಲೆ, 2005ರ ಜನವರಿಯಲ್ಲಿ, ಔಷಧಿಯ ಸುಂಕವನ್ನು ಕಾರ್ಖಾನೆಯ ಬೆಲೆಯ ಬದಲು ಎಂಆರ್‌ಪಿಯ ಮೇಲೆ ಹಾಕುವ ಪದ್ಧತಿ ಬಂತು. ಎಂಆರ್‌ಪಿಯಲ್ಲಿ ಶೇ 40 ಬಿಟ್ಟು ಉಳಿದದ್ದರ ಮೇಲೆ ಶೇ 16.

ಈ ಎರಡು ಸೇರಿದಾಗ ಏನಾಯಿತು ನೋಡಿ. ದೊಡ್ಡ ಕಂಪನಿಗಾಗಿ ಮಾತ್ರೆ ಮಾಡಿಕೊಡುವ ಒಂದು ಸಣ್ಣ ಘಟಕ ಪಟ್ಟಿಯೊಂದನ್ನು 4 ರೂಪಾಯಿಗೆ ಕೊಡುತ್ತಿದೆ, ಅಂಗಡಿಯಲ್ಲಿ ಅದರ ಎಂಆರ್‌ಪಿ 20 ರೂಪಾಯಿ ಎಂದು ಹಿಡಿಯಿರಿ. ಮೊದಲು ಸುಂಕ 64 ಪೈಸೆ. ಹೊಸ ಪದ್ಧತಿಯಲ್ಲಿ 12 ರೂಪಾಯಿಯ ಮೇಲೆ ಶೇ 16, ಅಂದರೆ 1 ರೂಪಾಯಿ 92 ಪೈಸೆ. ಬದ್ದಿಯಲ್ಲಿ ಮಾಡಿದರೆ ಸೊನ್ನೆ. ಆರ್ಡರ್ ಕೊಡುವ ಕಂಪನಿ ಎಲ್ಲಿಗೆ ಹೋಗುತ್ತದೆ? ಬದ್ದಿ ಏಷ್ಯಾದ ದೊಡ್ಡ ಔಷಧಿ ಕೇಂದ್ರಗಳಲ್ಲಿ ಒಂದಾಗಿ ಬೆಳೆಯಿತು, ಅಲ್ಲಿನ ಜನಕ್ಕೆ ಕೆಲಸ ಸಿಕ್ಕಿತು, ಅದನ್ನು ಅಲ್ಲಗಳೆಯಲಾಗದು. ಬೇರೆ ಕಡೆಯ ಸಣ್ಣ ಘಟಕಗಳ ಆರ್ಡರ್ ಹೋಯಿತು. ದೇಶದಲ್ಲಿ ಒಟ್ಟು ಎಷ್ಟು ಮಾತ್ರೆ ಹೆಚ್ಚಾಗಿ ತಯಾರಾಯಿತು, ಎಷ್ಟು ಮಾತ್ರೆ ಬರೀ ವಿಳಾಸ ಬದಲಿಸಿತು ಎಂಬ ಪ್ರಶ್ನೆಯನ್ನು ಪ್ಯಾಕೇಜ್ ಘೋಷಿಸುವ ದಿನ ಯಾರೂ ಕೇಳುವುದಿಲ್ಲ. ಜಿಎಸ್‌ಟಿ ಬಂದ ಮೇಲೂ, ಅವಧಿ ಉಳಿದಿದ್ದ ಘಟಕಗಳಿಗೆ ಅವು ನಗದಾಗಿ ಕಟ್ಟಿದ ಕೇಂದ್ರ ಜಿಎಸ್‌ಟಿಯ ಶೇ 58ರಷ್ಟನ್ನು ಬಜೆಟ್ಟಿನಿಂದ ವಾಪಸ್ ಕೊಡಬೇಕಾಯಿತು. ಒಂದು ಒಳ್ಳೆಯದಾಯಿತು. ವಿನಾಯಿತಿಯ ಒಳಗೆ ಅಡಗಿದ್ದ ಖರ್ಚು ಬಜೆಟ್ಟಿನ ಸಾಲಾಗಿ ಕಣ್ಣಿಗೆ ಬಿತ್ತು.

ಬೆಂಗಳೂರಿನ ಸಾಫ್ಟ್‌ವೇರನ್ನು ತೋರಿಸಿ "ತೆರಿಗೆ ರಜೆ ಕೊಟ್ಟದ್ದಕ್ಕೇ ಅದು ಬೆಳೆದದ್ದು" ಎನ್ನುವವರಿದ್ದಾರೆ. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕಿನ ಘಟಕಗಳ ರಫ್ತಿನ ಲಾಭಕ್ಕೆ ಆದಾಯ ತೆರಿಗೆ ಕಾಯ್ದೆಯ 10ಎ ಕಲಮಿನಲ್ಲಿ 2011ರ ಮಾರ್ಚ್ 31ರವರೆಗೆ ರಜೆ ಇತ್ತು, ನಿಜ. ಆದರೆ ಆ ಪಾರ್ಕು ಕೊಟ್ಟ ಉಪಗ್ರಹ ಸಂಪರ್ಕ ಇಲ್ಲದಿದ್ದರೆ ಬೆಂಗಳೂರಿನಲ್ಲಿ ಬರೆದ ಪ್ರೋಗ್ರಾಂ ಅಮೆರಿಕಕ್ಕೆ ಹೋಗುತ್ತಿದ್ದದ್ದು ಹೇಗೆ? ನಮ್ಮ ಊರಿನ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು 1951ರಲ್ಲೇ ಶುರುವಾದದ್ದು. ಅಂಥ ಕಾಲೇಜುಗಳು ದಶಕಗಳ ಕಾಲ ಹುಡುಗರನ್ನು ತಯಾರು ಮಾಡದಿದ್ದರೆ ಕೂರಿಸಲು ಯಾರಿರುತ್ತಿದ್ದರು? ರಜೆ ಸಹಾಯ ಮಾಡಿತು, ವಿಶೇಷವಾಗಿ ಬಂಡವಾಳ ಹುಟ್ಟದ ಮೊದಲ ವರ್ಷಗಳಲ್ಲಿ. ಎಲ್ಲ ಕೀರ್ತಿಯನ್ನೂ ಅದಕ್ಕೆ ಕೊಟ್ಟರೆ ಮುಂದಿನ ಸರ್ಕಾರ ಕಾಲೇಜು ಬಿಟ್ಟು ರಜೆ ಹಂಚುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಂಪನಿಗಳ ಮುಂದೆ ಒಂದು ಆಯ್ಕೆ ಇಟ್ಟಿತು: ರಿಯಾಯಿತಿಗಳನ್ನೆಲ್ಲ ಬಿಟ್ಟುಕೊಡಿ, ಶೇ 22ರ ದರ ತೆಗೆದುಕೊಳ್ಳಿ. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿ ಆದಾಯ ಕಡಿಮೆಯಾಗುತ್ತದೆ ಎಂದು ಸರ್ಕಾರವೇ ಅಂದಾಜಿಸಿತ್ತು. ಅಷ್ಟು ದೊಡ್ಡ ಇಳಿಕೆ ಬೇಕಿತ್ತೇ ಎಂಬ ಪ್ರಶ್ನೆ ನನಗೆ ಇದೆ. ದರ ಕಡಿಮೆ, ರಿಯಾಯಿತಿ ಇಲ್ಲ ಎಂಬ ದಾರಿಯಾದರೂ ನೇರವಾದದ್ದು.

ಜಿಎಸ್‌ಟಿ ರಾಜ್ಯಗಳ ಲೆಕ್ಕವನ್ನೂ ತಲೆಕೆಳಗು ಮಾಡಿತು. ಇದು ಮಾಲು ಬಳಕೆಯಾದ ರಾಜ್ಯಕ್ಕೆ ಸೇರುವ ತೆರಿಗೆ. ಹರಿಹರದಲ್ಲಿ ತಯಾರಾದ ಯಂತ್ರ ಕೊಯಮತ್ತೂರಿಗೆ ಹೋದರೆ ರಾಜ್ಯದ ಪಾಲಿನ ತೆರಿಗೆ ತಮಿಳುನಾಡಿಗೆ. ಹಿಂದೆ ಇದ್ದ ಕೇಂದ್ರ ಮಾರಾಟ ತೆರಿಗೆಯಲ್ಲಿ ಕೊನೆಗೆ ಉಳಿದ ಶೇ 2ರಷ್ಟಾದರೂ ತಯಾರಾದ ರಾಜ್ಯಕ್ಕೆ ಸಿಗುತ್ತಿತ್ತು. ಈಗ ಕಾರ್ಖಾನೆಗೆ ಜಮೀನು, ನೀರು, ರಿಯಾಯಿತಿ ಕೊಡುವವರು ಒಬ್ಬರು, ಮಾಲಿನ ತೆರಿಗೆ ಪಡೆಯುವವರು ಇನ್ನೊಬ್ಬರು. ಹಾಗಾದರೆ ರಾಜ್ಯಕ್ಕೆ ಕಾರ್ಖಾನೆಯಿಂದ ಉಳಿಯುವುದೇನು? ಕೂಲಿ, ಸಂಬಳ, ಸುತ್ತಲಿನ ಅಂಗಡಿಗಳ ವ್ಯಾಪಾರ, ಕಲಿತ ಕೈಗಳು. ಕೆಲಸ ಕೊಡದ, ಬರೀ ದೊಡ್ಡ ಯಂತ್ರ ಕೂರಿಸುವ ಕಾರ್ಖಾನೆಗೆ ಹೂಡಿಕೆಯ ಮೊತ್ತ ನೋಡಿ ಸಹಾಯಧನ ಕೊಡುವುದು ಈ ಲೆಕ್ಕದಲ್ಲಿ ನಷ್ಟದ ಬಾಬತ್ತು. ಕೇಂದ್ರ ಬಜೆಟ್ಟಿನಲ್ಲಿ 2006-07ರಿಂದ ತೆರಿಗೆ ರಿಯಾಯಿತಿಗಳಿಂದ ಬಿಟ್ಟುಹೋದ ಆದಾಯದ ತಃಖ್ತೆಯೊಂದು ಬರುತ್ತಿದೆ. ನಮ್ಮ ರಾಜ್ಯವೂ ತಾಲ್ಲೂಕುವಾರು ಇಂಥದ್ದನ್ನು ಜನರ ಮುಂದಿಡಬೇಕು: ಯಾವ ಘಟಕಕ್ಕೆ ಎಷ್ಟು ಕೊಟ್ಟೆವು, ಯಾವ ವರ್ಷಕ್ಕೆ ನಿಲ್ಲುತ್ತದೆ, ಇವತ್ತು ಅಲ್ಲಿ ಪಿಎಫ್ ಕಟ್ಟಿಸಿಕೊಳ್ಳುವ ಕಾರ್ಮಿಕರು ಎಷ್ಟು.

ಸಣ್ಣವರಿಗೆ ಕೊಟ್ಟಿರುವ ಮಿತಿಗಳೂ ಒಂದು ಬಗೆಯ ರಿಯಾಯಿತಿಯೇ. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷದವರೆಗೆ ಇದ್ದರೆ ನೋಂದಣಿ ಬೇಡ, ಒಂದೂವರೆ ಕೋಟಿಯವರೆಗೆ ಸರಳ ತೆರಿಗೆ ಯೋಜನೆಯಾದ ಕಾಂಪೊಸಿಷನ್‌ನಲ್ಲಿ ವ್ಯಾಪಾರಿಗಳು ಶೇ 1 ಕಟ್ಟಿದರೆ ಸಾಕು. ಬೇಕಾದ ಅನುಕೂಲ ಇದು. ಆದರೆ ಗೆರೆ ಎಳೆದ ಕಡೆ ಜನ ಗೆರೆಯ ಕೆಳಗೇ ಉಳಿಯಲು ನೋಡುತ್ತಾರೆ. ಅಂಗಡಿ ಬೆಳೆದರೆ ಅರ್ಧ ಹೆಂಡತಿಯ ಹೆಸರಿಗೆ, ಇನ್ನರ್ಧ ಮಗನ ಹೆಸರಿಗೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯವೆಲ್ಲ ಗಾಬರಿಯಾಯಿತು, ಅಂಗಡಿಗಳ ಮುಂದಿನ ಕ್ಯೂಆರ್ ಕೋಡುಗಳು ಮಾಯವಾದವು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲು ಮಾರುವವರೂ ನಡುಗಿದರು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ತಣ್ಣಗಾಯಿತು. ಆ ದಿನಗಳಲ್ಲಿ ಕಾಂಡಿಮೆಂಟ್ಸ್ ಅಂಗಡಿಯವರೊಬ್ಬರ ಲೆಕ್ಕ ಬಿಡಿಸಿದೆ. ವಹಿವಾಟು 68 ಲಕ್ಷ, ಅದರಲ್ಲಿ ಹಾಲು, ಮೊಟ್ಟೆಯಂಥವು ಕಳೆದು ತೆರಿಗೆ ಬೀಳುವ ಮಾಲು 41 ಲಕ್ಷ. ಕಾಂಪೊಸಿಷನ್‌ನಲ್ಲಿ ವರ್ಷಕ್ಕೆ 41,000 ರೂಪಾಯಿ. ಅವರು ಒಪ್ಪಿಕೊಂಡು ನೋಂದಣಿ ಮಾಡಿಸಿದರು. ವಸ್ತು ತಯಾರಿಸಿ ಕಂಪನಿಗಳಿಗೆ ಕೊಡುವವರಿಗೆ ಮಾತ್ರ ನಾನು ಕಾಂಪೊಸಿಷನ್ ಹೇಳುವುದಿಲ್ಲ, ಅವರ ಬಿಲ್ಲಿನಿಂದ ಕೊಂಡವರಿಗೆ ಕ್ರೆಡಿಟ್ ಸಿಗದ ಕಾರಣ ಆರ್ಡರೇ ನಿಂತುಹೋಗುತ್ತದೆ.

ಈಚೆಗೆ ಎಂಜಿನಿಯರಿಂಗ್ ಮುಗಿಸಿದ ಹುಡುಗನೊಬ್ಬ ಬಂದಿದ್ದ. ಟ್ರ್ಯಾಕ್ಟರ್ ಬಿಡಿಭಾಗ ಮಾಡುವ ಘಟಕ ಹಾಕಬೇಕು, ರಾಜ್ಯದ ಸಹಾಯಧನ ಎಷ್ಟು ಬರುತ್ತದೆ ಎಂದು ಕೇಳಿದ. "ಸಹಾಯಧನ ತೆಗೆದಿಟ್ಟು ಮೊದಲು ಲೆಕ್ಕ ಹಾಕು ಮಾರಾಯ, ಅದು ಮಂಜೂರಾಗಿ ಕೈಗೆ ಬರೋವರೆಗೆ ಬ್ಯಾಂಕ್ ಬಡ್ಡಿ ನಿಲ್ಲಲ್ಲ" ಎಂದೆ. ಇಬ್ಬರೂ ಕೂತು ಬರೆದೆವು. 2025ರ ಸೆಪ್ಟೆಂಬರ್‌ನಲ್ಲಿ ರೈತರಿಗೆ ಅನುಕೂಲವಾಗಲೆಂದು ಟ್ರ್ಯಾಕ್ಟರಿನ ಹಲವು ಬಿಡಿಭಾಗಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ಉಕ್ಕಿಗೆ ಮಾತ್ರ ಶೇ 18 ಹಾಗೇ ಇದೆ. ವರ್ಷಕ್ಕೆ 60 ಲಕ್ಷದ ಉಕ್ಕು ಕೊಂಡರೆ 10.8 ಲಕ್ಷ ತೆರಿಗೆ ಕೊಡಬೇಕು. 1 ಕೋಟಿಯ ಮಾಲು ಮಾರಿದರೆ ವಸೂಲಾಗುವುದು 5 ಲಕ್ಷ. ಉಳಿದ 5.8 ಲಕ್ಷಕ್ಕೆ ಮರುಪಾವತಿಯ ಅರ್ಜಿ ಹಾಕಿ ಕಾಯಬೇಕು. 50 ಲಕ್ಷದ ಯಂತ್ರದ ಮೇಲೆ ಕೊಡುವ 9 ಲಕ್ಷವಂತೂ ಆ ಮರುಪಾವತಿಯ ಲೆಕ್ಕಕ್ಕೇ ಸೇರುವುದಿಲ್ಲ. ಮಾಲು ಕೊಂಡ ಕಂಪನಿ ಮೂರು ತಿಂಗಳಿಗೆ ಹಣ ಕೊಟ್ಟರೂ ರಿಟರ್ನಿನ ತಾರೀಖು 20 ಕಾಯುವುದಿಲ್ಲ.

ಹುಡುಗ ಹಾಳೆಯನ್ನು ಮನೆಗೆ ಒಯ್ದು ವಾರ ಬಿಟ್ಟು ಬಂದ. ಯಂತ್ರದಲ್ಲಿ ಒಂದನ್ನು ಕಡಿಮೆ ಮಾಡಿದ್ದ. ಟ್ರ್ಯಾಕ್ಟರ್ ಬಿಡಿಭಾಗದ ಜೊತೆಗೆ ಸಕ್ಕರೆ ಕಾರ್ಖಾನೆಯ ಯಂತ್ರಗಳ ಬಿಡಿಭಾಗವನ್ನೂ ಮಾಡುವುದಾಗಿ ಬರೆದುಕೊಂಡಿದ್ದ. ಅವುಗಳ ಮೇಲೆ ಶೇ 18 ತೆರಿಗೆ ಇರುವುದರಿಂದ ಉಕ್ಕಿನ ಕ್ರೆಡಿಟ್, ಯಂತ್ರದ ಕ್ರೆಡಿಟ್ ಎರಡೂ ಅಲ್ಲಿ ಕರಗುತ್ತವೆ. ಸಹಾಯಧನದ ಅರ್ಜಿಯನ್ನೂ ಹಾಕಿದ್ದೇವೆ. ಬಂದರೆ ಎರಡನೆಯ ಲೇತಿಗೆ.